ಸೂಜಿಮೊನೆಯ ದನಿ

ಹೊಲಿಗೆ ಕಾರ್ಖಾನೆಯಲ್ಲಿ ಸೂಜಿ ಮುರಿದರೆ ಅದಕ್ಕೊಂದು ಶಾಸ್ತ್ರವಿದೆ. ಮಷೀನು ನಿಲ್ಲಿಸಬೇಕು, ಕೈ ಎತ್ತಬೇಕು, ಚೂರುಗಳನ್ನೆಲ್ಲ ಹೆಕ್ಕಿ ಸೂಪರ್‌ವೈಸರ್ ಕೈಗೆ ಕೊಡಬೇಕು. ಅವನು ಅವನ್ನು ಸೂಜಿಪುಸ್ತಕದಲ್ಲಿ ಟೇಪು ಹಾಕಿ ಅಂಟಿಸುತ್ತಾನೆ. ಚೂರು ಜೋಡಿಸಿದರೆ ಪೂರಾ ಸೂಜಿಯಾಗಬೇಕು. ಎಳ್ಳಿನಷ್ಟು ಕಡಿಮೆಯಾದರೂ ಅದು ಯಾರದೋ ಮಗುವಿನ ಕುತ್ತಿಗೆಗೆ ಚುಚ್ಚಿತೆಂದೇ ಲೆಕ್ಕ. ನ್ಯಾಯವಾದ ಶಾಸ್ತ್ರವೇ. ಕಾಲರಕ್ಕನಿಗೂ ಅದರ ಮೇಲೆ ತಕರಾರಿರಲಿಲ್ಲ.

ಇಪ್ಪತ್ತೆರಡು ವರ್ಷದಿಂದ ಅಂಗಿಗಳಿಗೆ ಕಾಲರು ಕೂರಿಸುತ್ತ ಬಂದವಳು, ಅದಕ್ಕೇ ಆ ಹೆಸರು. ಸೋಮವಾರ ಅವಳ ಸೂಜಿ ಟಕ್ಕೆಂದು ಮೂರು ಚೂರಾಯಿತು. ಎರಡು ಸಿಕ್ಕವು, ಮೊನೆ ಸಿಗಲಿಲ್ಲ. ಸೂಪರ್‌ವೈಸರ್ ಬಂದು ಪುಸ್ತಕವನ್ನೂ ಕಂದು ಟೇಪಿನ ಉರುಳೆಯನ್ನೂ ಅವಳ ಮೇಜಿನ ಮೇಲೆ ದೊಪ್ಪನೆ ಹಾಕಿದ. ಬೈಯುವ ಭರದಲ್ಲಿ ಮೊಳದುದ್ದ ಟೇಪು ಬಿಚ್ಚಿ, ಬೇಕಾದಷ್ಟು ಹರಿದು, ಉಳಿದದ್ದನ್ನು ಮೇಜಿನ ಮೇಲೆ ಎಳೆದಾಡಿ ಮತ್ತೆ ಸುತ್ತಿದ. ಆಮೇಲೆ ಅಯಸ್ಕಾಂತ ಆಡಿಸಿದ್ದಾಯಿತು, ನೆಲ ಗುಡಿಸಿದ್ದಾಯಿತು, ನಲವತ್ತು ಅಂಗಿಗಳ ಕಟ್ಟನ್ನು ಕೊಡವಿದ್ದೂ ಆಯಿತು.

"ನೀನೇ ಬಚ್ಚಿಟ್ಟಿದ್ದೀಯ," ಎಂದ ಅವನು. "ಕಿಟಕಿ ಪಕ್ಕದ ಜಾಗ ಕೊಡಲಿಲ್ಲ ಅಂತ ಹೋದ ವಾರ ಜಗಳ ಆಡಿದೆಯಲ್ಲ, ಆ ಹೊಟ್ಟೆಕಿಚ್ಚು."

"ಹೊಟ್ಟೆಕಿಚ್ಚಿದ್ದರೆ ಎದುರಿಗೇ ಹೇಳ್ತೀನಿ ಸಾರ್. ಸೂಜಿ ಕೈಲಿ ಹೇಳಿಸಲ್ಲ."

ಅವನು ಒಂದು ಕಾಗದ ತಂದ. 'ಬೇಕೆಂದೇ ಬಚ್ಚಿಟ್ಟೆ' ಎಂದು ಅದರಲ್ಲಿ ಮೊದಲೇ ಅಚ್ಚಾಗಿತ್ತು, ಕೆಳಗೆ ಸಹಿಗೆ ಜಾಗ. ಹಾಕಿದರೆ ಗುಡಿಸುವ ಕೆಲಸ, ಹಾಕದಿದ್ದರೆ ಗೇಟು. ಅಂಥ ಕಾಗದಕ್ಕೆ ಸಹಿ ಹಾಕಿದವಳನ್ನು ಊರಿನ ಯಾವ ಹೊಲಿಗೆಮನೆಯೂ ಮತ್ತೆ ಮಷೀನಿಗೆ ಕೂರಿಸುವುದಿಲ್ಲ.

"ಸಾರ್, ನಲವತ್ತೊಂದನೇ ವರ್ಷದವರೆಗೂ ನಂದು ಹೆಬ್ಬೆಟ್ಟು. ಅಷ್ಟು ಕಷ್ಟಪಟ್ಟು ಕಲಿತ ಸೈನು. ಸುಳ್ಳಿನ ಕೆಳಗೆ ಹಾಕಲ್ಲ."

"ಹಾಗಾದರೆ ಬುಧವಾರ ಚಹಾದ ಹೊತ್ತಿಗೆ ಮೊನೆ ತೋರಿಸು. ಅಲ್ಲೀತನಕ ಕೆಲಸಕ್ಕೆ ಬರಬೇಡ."

"ತೋರಿಸ್ತೀನಿ."

ಬಾಯಿ ಹೇಳಿಬಿಟ್ಟಿತು. ಹೇಗೆಂಬುದು ಮೆಟ್ಟಿಲಿಳಿಯುವಾಗಲೂ ಹೊಳೆದಿರಲಿಲ್ಲ.

ನೇರವಾಗಿ ತಮ್ಮನ ಅಂಗಡಿಗೆ ಹೋದಳು. ರೇಡಿಯೋ ರಿಪೇರಿಯ ಅಂಗಡಿ, ಇಬ್ಬರು ಕೂತರೆ ಮೂರನೆಯವರು ನಿಂತೇ ಇರಬೇಕು. ಅಲ್ಲಿ ಗೋಡೆಗೆ ಹಳೆಯ ಪತ್ರಿಕೆಯೊಂದರ ಹಾಳೆ ಅಂಟಿಸಿತ್ತು. ಲೋಹ ಹುಡುಕುವ ಯಂತ್ರದ ನಕ್ಷೆ, ಅಪ್ಪನ ಕಾಲದ್ದು. ತಮ್ಮ ಅದನ್ನು ನೋಡಿ ಒಂದು ಯಂತ್ರ ಕಟ್ಟಿಯೂ ಇದ್ದ. ಒಂದು ಪೆಟ್ಟಿಗೆ, ಅದಕ್ಕೊಂದು ತಟ್ಟೆಯಗಲದ ತಂತಿಸುರುಳಿ. ಓದು ಕಲಿತ ಮೇಲೆ ಕಾಲರಕ್ಕ ಆ ಹಾಳೆಯನ್ನು ಎಷ್ಟು ಸಲ ಓದಿದ್ದಳೋ. ಅವಳಿಗೆ ತಿಳಿದದ್ದು ಇಷ್ಟು: ಒಳಗೆ ಇಬ್ಬರು ಹಾಡುಗಾರ್ತಿಯರು, ಒಬ್ಬಳು ಪೆಟ್ಟಿಗೆಯೊಳಗೆ, ಇನ್ನೊಬ್ಬಳು ಸುರುಳಿಯಲ್ಲಿ. ಅವರ ದನಿ ನಮ್ಮ ಕಿವಿಗೆ ನಿಲುಕದು, ಇಬ್ಬರ ನಡುವಿನ ಅಂತರ ಮಾತ್ರ ಗುಂಯ್ ಎಂದು ಕೇಳುತ್ತದೆ. ಸುರುಳಿಯ ಹತ್ತಿರ ಲೋಹ ಬಂತೋ, ಅವಳ ಸ್ವರ ಜಾರುತ್ತದೆ, ಗುಂಯ್ ಬದಲಾಗುತ್ತದೆ.

ಇನ್ನೊಂದು ಸೂಜಿಯ ಮೊನೆ ಮುರಿದು ಸುರುಳಿಯ ಕೆಳಗಿಟ್ಟರು. ಗುಂಯ್ ಅಲುಗಲೇ ಇಲ್ಲ.

"ಅಕ್ಕಾ, ಇದು ಹೂತಿಟ್ಟ ಹಂಡೆ ಹುಡುಕೋ ಯಂತ್ರ. ಸೂಜಿಮೊನೆ ಇದರ ಹಲ್ಲಿಗೂ ತಾಗಲ್ಲ."

"ಕಾಜಾ ಕತ್ತರಿಸೋಕೆ ಕಂಬಳಿ ಕತ್ತರಿ ಹಿಡೀತಾರೇನೋ? ಸುರುಳಿ ಚಿಕ್ಕದು ಮಾಡು."

"ಸ್ವರ ಕೆಡುತ್ತೆ."

"ಕೆಟ್ಟರೆ ಕೂಡಿಸೋಣ. ನೀನು ಮೊದಲು ಬೆಸುಗೆ ಐರನ್ನಿನ ಪ್ಲಗ್ ಹಾಕು."

ಮಂಗಳವಾರ ಇಡೀ ಹಗಲು ಅದೇ ಆಯಿತು. ಸತ್ತ ರೇಡಿಯೋದೊಳಗಿನ, ಅಲೆ ಹಿಡಿಯುವ ಕಪ್ಪು ಫೆರೈಟ್ ಕಡ್ಡಿಯನ್ನು ಬೆರಳುದ್ದ ಮುರಿದು, ಅದರ ತುದಿಗೆ ಕೂದಲಂಥ ತಂತಿ ಸುತ್ತಿದಳು. ಸುತ್ತಿನ ಮೇಲೆ ಸುತ್ತು ಏರದ ಹಾಗೆ, ಅಂಗಿಯ ಅಂಚಿಗೆ ಹೊಲಿಗೆ ಇಟ್ಟಷ್ಟು ನೆಟ್ಟಗೆ. ತಮ್ಮ ಒಂದರ ಮೇಲೊಂದು ಕಂಡೆನ್ಸರ್ ಬದಲಾಯಿಸಿದ. ಹನ್ನೊಂದನೆಯದಕ್ಕೆ ಇಬ್ಬರು ಹಾಡುಗಾರ್ತಿಯರೂ ಮತ್ತೆ ಕೂಡಿದರು. ಆದರೆ ಕೈ ಹತ್ತಿರ ತಂದರೂ ಸ್ವರ ಜಾರುತ್ತಿತ್ತು. ಅದಕ್ಕೆ ನಕ್ಷೆಯಲ್ಲೇ ಮದ್ದಿತ್ತು: ಸುರುಳಿಗೆ ತೆಳು ಲೋಹದ ಹಾಳೆ ಸುತ್ತಬೇಕು. ಸುತ್ತಿದಳು. ಪೆಟ್ಟಿಗೆ ಗಪ್‌ಚಿಪ್.

ಬೆಸುಗೆ ನೋಡಿದರು, ಬ್ಯಾಟರಿ ನೋಡಿದರು, ಗಂಟೆ ಹೋಯಿತು. ಕೊನೆಗೆ ತಮ್ಮ ಲೋಹದ ಹಾಳೆಯ ಅಂಚನ್ನು ಮುಟ್ಟಿ ನೋಡಿ ತಲೆ ಚಚ್ಚಿಕೊಂಡ.

"ಅಕ್ಕಾ! ಅಂಚು ಮಡಚಿ ಮುಚ್ಚಿಬಿಟ್ಟಿದ್ದೀಯಲ್ಲ! ನಡುವೆ ಸಂದು ಬಿಡಬೇಕು ಅಂತ ಬರೆದಿದೆ."

"ಬರೆದೋನಿಗೆ ಹೊಲಿಗೆ ಗೊತ್ತಿಲ್ಲ ಅಂದ್ಕೊಂಡೆ. ಬಾಯಿ ಬಿಟ್ಟ ಹೊಲಿಗೆ ನನ್ನ ಕೈಯಿಂದ ಇವತ್ತಿನವರೆಗೂ ಹೊರಗೆ ಹೋಗಿಲ್ಲ."

"ತುದಿಗೆ ತುದಿ ಕೂಡಿದರೆ ಅದೇ ಒಂದು ಬಳೆ. ಸುರುಳಿಯ ಶಕ್ತಿಯನ್ನೆಲ್ಲ ನುಂಗಿಹಾಕುತ್ತೆ. ಬಾಯಿ ತೆರೆದಿದ್ದರೇನೇ ಇದಕ್ಕೆ ಕಿವಿ."

"ಅಲ್ಲಿ ನನಗೆ ಬಾಯಿ ಮುಚ್ಚು ಅಂತಾರೆ, ಇಲ್ಲಿ ಬಾಯಿ ತೆರಿ ಅಂತೀಯ," ಎನ್ನುತ್ತ ಕಾಲರಕ್ಕ ಬ್ಲೇಡಿನಿಂದ ಅಂಚು ಸೀಳಿದಳು. ಗುಂಯ್ ವಾಪಸು ಬಂತು. ನಾಲ್ಕು ಮಡಿಕೆ ಬಟ್ಟೆಯ ಕೆಳಗಿಟ್ಟ ಮೊನೆಯ ಮೇಲೆ ಕಡ್ಡಿ ಹಿಡಿದರೆ ಸೊಳ್ಳೆಯಂತೆ ಕಿಂಯ್ ಎಂದಿತು. ತಮ್ಮ ಹತ್ತು ಸಲ ಬಚ್ಚಿಟ್ಟ, ಅವಳು ಹತ್ತು ಸಲವೂ ಹಿಡಿದಳು.

ಬುಧವಾರ ಚಹಾದ ಹೊತ್ತಿಗೆ ಮಷೀನುಗಳು ನಿಂತಿದ್ದವು. ಆ ಎರಡು ದಿನ ಯಾರೂ ಸೂಜಿ ಮುರಿದಿರಲಿಲ್ಲ. ಹೆದರಿಕೆಗೆ ಎಲ್ಲರ ಕಾಲೂ ಪೆಡಲಿನ ಮೇಲೆ ಹಗುರಾಗಿತ್ತು. ಕಾಲರಕ್ಕ ಪೆಟ್ಟಿಗೆಯನ್ನು ಕೊರಳಿಗೆ ಹಾಕಿಕೊಂಡು ಒಳಗೆ ಬಂದಳು.

"ಏನೇ ಇದು, ರೇಡಿಯೋ ಮಾರೋಕೆ ಬಂದೆಯಾ?" ಎಂದ ಸೂಪರ್‌ವೈಸರ್.

"ಮೊದಲು ನನ್ನನ್ನೇ ನೋಡಿ," ಎಂದಳು. ಗುಂಡಿ ಹಚ್ಚುವ ಗುಂಡಿಯಮ್ಮನ ಕೊರಳಿಗೆ ಪೆಟ್ಟಿಗೆ ಹಾಕಿ, ಕೈಗೆ ಕಡ್ಡಿ ಕೊಟ್ಟು, ಎಲ್ಲರೆದುರು ತೋಳು ಚಾಚಿ ನಿಂತಳು. ಗುಂಡಿಯಮ್ಮ ತಲೆಯಿಂದ ಕಾಲಿನವರೆಗೆ ಕಡ್ಡಿ ಆಡಿಸಿದಳು. ಕನ್ನಡಕದ ಹತ್ತಿರ ಕಿಂಯ್ ಎಂದಿತು. ಕನ್ನಡಕ ತೆಗೆದ ಮೇಲೆ ಮತ್ತೆ ಗುಂಯ್, ಅಷ್ಟೇ.

ಆಮೇಲೆ ಪೆಟ್ಟಿಗೆ ವಾಪಸು ಹಾಕಿಕೊಂಡು ನಲವತ್ತು ಅಂಗಿ, ಒಂದೊಂದಾಗಿ. ಮೇಜಿನ ಸಂದು, ನೆಲ, ಸ್ಟೂಲು. ಎಲ್ಲೂ ಇಲ್ಲ.

"ಮುಗೀತಾ ದೊಂಬರಾಟ?" ಸೂಪರ್‌ವೈಸರ್ ಸೂಜಿಪುಸ್ತಕ ಇಟ್ಟ, ಅದರ ಮೇಲೆ ಕಾಗದ ಇಟ್ಟ, ಹಾರದಿರಲೆಂದು ಟೇಪಿನ ಉರುಳೆ ಹೇರಿದ. "ಹಾಕು ಸೈನು."

ಅವಳು ಪೆನ್ನು ಮುಟ್ಟಲಿಲ್ಲ, ಕಡ್ಡಿ ಚಾಚಿದಳು. ಕಿಂಯ್!

ಅವನು ಹೊಟ್ಟೆ ಹಿಡಿದು ನಕ್ಕ. "ಸೂಜಿಪುಸ್ತಕದಲ್ಲಿ ಸೂಜಿ ಹುಡುಕಿದ ಜಾಣೆ!"

"ಹೌದು ಸಾರ್, ಅದರಲ್ಲಿ ಸೂಜಿ ಇದೆ." ಪುಸ್ತಕವನ್ನು ಎಳೆದು ಗುಂಡಿಯಮ್ಮನ ಕೈಗೆ ಕೊಟ್ಟು, ದೂರ ಹೋಗೆಂದಳು. ಕಾಗದದ ಮೇಲೆ ಉಳಿದದ್ದು ಟೇಪಿನ ಉರುಳೆ ಒಂದೇ. ಕಡ್ಡಿ ಹಿಡಿದಳು. ಕಿಂಯ್.

"ಟೇಪು ಪ್ಲಾಸ್ಟಿಕ್ಕು, ನಡುವಿನ ಬಳೆ ರಟ್ಟು. ಕೂಗ್ತಾ ಇರೋದು ಯಾರು ಸಾರ್?"

ಅವಳು ತುದಿ ಹಿಡಿದು ಬಿಚ್ಚುತ್ತ ಹೋದಳು. ಗೇಣುದ್ದ ಬಿಚ್ಚುವಷ್ಟರಲ್ಲಿ ಟೇಪಿನ ಅಂಟಿಗೆ ಹತ್ತಿಕೊಂಡು ಮೊನೆ ಮಿಣುಕಿತು. ಪುಸ್ತಕ ವಾಪಸು ತರಿಸಿ, ಅದರ ಎರಡು ಚೂರಿನ ಪಕ್ಕ ಇಟ್ಟರೆ ಪೂರಾ ಸೂಜಿ.

"ಸರಿ ಸರಿ, ಸಿಕ್ಕಿತಲ್ಲ," ಎಂದ ಅವನು, ಕಾಗದ ಮಡಚಿ ಜೇಬಿಗೆ ತುರುಕುತ್ತ. "ಎಲ್ಲರೂ ಮಷೀನಿಗೆ ನಡೀರಿ."

"ಆ ಕಾಗದ ಕೊಡಿ ಸಾರ್. ಪುಸ್ತಕದಲ್ಲಿ 'ಎಲ್ಲಿ ಸಿಕ್ಕಿತು' ಅನ್ನೋ ಜಾಗ ಖಾಲಿ ಇದೆ, ಅದನ್ನೂ ತುಂಬಿ."

"ನನಗೇ ಹೇಳಿಕೊಡ್ತೀಯಾ?"

"ಶಾಸ್ತ್ರ ನಿಮ್ಮದೇ."

ಚಹಾ ಮುಗಿದ ಗಂಟೆ ಹೊಡೆಯಿತು. ಗುಂಡಿಯಮ್ಮ ಕೂತಳು, ಆದರೆ ಪೆಡಲಿಗೆ ಕಾಲಿಡಲಿಲ್ಲ. ಅವಳ ಪಕ್ಕದವಳೂ ಇಡಲಿಲ್ಲ. ಅರವತ್ತು ಮಷೀನು ಸುಮ್ಮನೆ ಕೂತವು. ಅಷ್ಟಗಲದ ಕೋಣೆಯಲ್ಲಿ ಕೇಳುತ್ತಿದ್ದದ್ದು ಕಾಲರಕ್ಕನ ಕೊರಳಿನ ಪೆಟ್ಟಿಗೆಯ ಗುಂಯ್ ಒಂದೇ.

ಅವನು ಕಾಗದ ತೆಗೆದು ಮೇಜಿನ ಮೇಲೆ ಹಾಕಿದ. ಕಾಲರಕ್ಕ ಅದನ್ನು ನಾಲ್ಕು ಚೂರು ಮಾಡಿದಳು. ಪೆನ್ನು ಅವನ ಕಡೆ ತಿರುಗಿಸಿದಳು. ಅವನು ಬರೆದ: 'ಟೇಪಿನಲ್ಲಿ.'

"ಯಾರ ಟೇಪು ಸಾರ್?"

ಹಲ್ಲು ಕಚ್ಚಿ ಮುಂದೆ ಸೇರಿಸಿದ: 'ಸೂಪರ್‌ವೈಸರ್ ಟೇಪಿನಲ್ಲಿ.'

"ಕೆಳಗೆ ಸೈನು."

ಸಹಿ ಬಿದ್ದ ಮೇಲೆ ಅವಳು ಕನ್ನಡಕ ಹಾಕಿಕೊಂಡು ಅಕ್ಷರ ಬಿಡದೆ ಓದಿದಳು. ಪುಸ್ತಕ ಮುಚ್ಚಿ, ಮಷೀನಿಗೆ ಹೊಸ ಸೂಜಿ ಕೂರಿಸಿ, ದಾರದ ತುದಿಯನ್ನು ನಾಲಿಗೆಗೆ ತಾಗಿಸಿದಳು.