ಮೈಲಿಗಲ್ಲಿನ ನಾಡಿ

ನಾಡಿ ಹಿಡಿಯುವುದಕ್ಕೆ ಮೂರು ಬೆರಳು ಸಾಕು. ಹೆಬ್ಬೆರಳು ಮಾತ್ರ ಕೂಡದು. ನರ್ಸಿಂಗ್ ಶಾಲೆಯಲ್ಲಿ ಮೊದಲ ವಾರವೇ ಕಲಿಸುವ ಪಾಠ ಇದು. ಗಂಗಾಂಬಿಕೆಗೂ ಕಲಿಸಿದ್ದರು. ಹೆಬ್ಬೆರಳು ಇಟ್ಟವರ ಕೈಮೇಲೆ ಮೇಡಂ ಸ್ಕೇಲಿನಿಂದ ಒಂದು ಬಿಡುತ್ತಿದ್ದರು. ಆದರೆ ಕಲಿತದ್ದೆಲ್ಲ ನಿದ್ದೆಗಣ್ಣಿನಲ್ಲೂ ನೆನಪಿರುವುದಾಗಿದ್ದರೆ ಈ ಲೋಕದಲ್ಲಿ ಇಷ್ಟೊಂದು ತಪ್ಪು ಎಲ್ಲಿಂದ ನಡೆಯುತ್ತಿತ್ತು?

ಗಂಗಾಂಬಿಕೆಯ ಮನೆ ಗುಂಡ್ಲುಪೇಟೆಯಲ್ಲಿ, ಕೆಲಸ ಚಾಮರಾಜನಗರದ ಹತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಮಿನಲ್ಲಿ. ತೊಂಬತ್ತೆಂಟನೇ ಇಸವಿಯ ನವೆಂಬರ್ ತಿಂಗಳು, ಅವಳಿಗೆ ಇಪ್ಪತ್ತಮೂರು ವರ್ಷ. ಮನೆಗೂ ಕೆಲಸಕ್ಕೂ ನಡುವೆ ಓಟದ ಹುಚ್ಚೊಂದು ಹತ್ತಿಕೊಂಡಿತ್ತು. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ನಡೆಯುವ ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಟ್ಟಿದ್ದಳು. ಮೈದಾನಕ್ಕೆ ಹೋಗಿ ಸುತ್ತು ಹಾಕಲು ಪುರಸೊತ್ತೆಲ್ಲಿ? ಅದಕ್ಕೇ ಒಂದು ಉಪಾಯ ಮಾಡಿದ್ದಳು. ಬೆಳಗಿನ ಮೊದಲ ಬಸ್ಸು ಹತ್ತಿ, ಆರೂವರೆಗೆ ನಡುದಾರಿಯ ಹರವೆಯ ಹತ್ತಿರ ಇಳಿದು, ಯೂನಿಫಾರಮ್ಮಿನ ಚೀಲವನ್ನು ಕಂಡಕ್ಟರ್ ಮರಿಯಯ್ಯನ ಕೈಗೆ ಕೊಟ್ಟು, ಉಳಿದ ದಾರಿಯನ್ನು ಓಡಿಕೊಂಡೇ ಡ್ಯೂಟಿಗೆ ಬರುವುದು. ಮರಿಯಯ್ಯ ಚೀಲವನ್ನು ಬಸ್‌ಸ್ಟ್ಯಾಂಡಿನ ಹೂವಿನಂಗಡಿಯಲ್ಲಿ ಇಟ್ಟುಹೋಗುತ್ತಿದ್ದ.

"ಪೂರಾ ಟಿಕೀಟು ತಗಂಡು ಅರ್ಧ ದಾರಿ ಓಡೋರ್ನ ನಾನು ಕಂಡೇ ಇರ್ಲಿಲ್ಲ ಕಣವ್ವ" ಎಂದು ನಗುತ್ತಿದ್ದ.

ಬೆಳಗಿನ ಮಂಜು, ಹುರುಳಿ ಹೊಲದ ವಾಸನೆ, ಹಿಂದೆ ನೀಲಿಗಟ್ಟಿದ ಬೆಟ್ಟದ ಸಾಲು. ಆ ಒಂದೂವರೆ ಗಂಟೆ ಅವಳು ಯಾರ ಮಗಳೂ ಅಲ್ಲ, ಯಾರ ಸಿಸ್ಟರೂ ಅಲ್ಲ. ಆರು ತಿಂಗಳು ಹೀಗೆ ಓಡಿ ಅವಳ ಹೃದಯ ಪಳಗಿಹೋಗಿತ್ತು. ಬೇರೆಯವರದು ಎಪ್ಪತ್ತು ಎಂಬತ್ತು ಸಲ ಬಡಿಯುವಾಗ ಅವಳದು ಕೂತಲ್ಲಿ ಐವತ್ತೆರಡು ಬಡಿಯುತ್ತಿತ್ತು. ಅದು ಅವಳ ಹೆಮ್ಮೆ. ಆದರೆ ನಸುಕಿಗೆ ಎದ್ದು ಓಡಿದ ಮೈ ಮಧ್ಯಾಹ್ನದ ಊಟವಾದ ಮೇಲೆ ಸುಂಕ ವಸೂಲಿ ಮಾಡದೆ ಬಿಡುತ್ತದೆಯೇ? ಎರಡು ಗಂಟೆಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಆ ಸೋಮವಾರ ಕಿಟಕಿ ಪಕ್ಕದ ಹಾಸಿಗೆಗೆ ಮೂಗಮ್ಮ ಎಂಬ ಮುದುಕಿ ಬಂದಳು. ಹೃದಯ ಲಯ ತಪ್ಪಿ ಓಡುತ್ತಿತ್ತು, ಕೈಕಾಲು ಊದಿಕೊಂಡಿದ್ದವು. ವಾರಕ್ಕೆರಡು ದಿನ ಮೈಸೂರಿನಿಂದ ಬರುವ ಡಾಕ್ಟರ್ ಗುರುಪಾದಸ್ವಾಮಿ ನೋಡಿ, ಹೃದಯದ ಓಟ ತಗ್ಗಿಸುವ ಒಂದು ಸಣ್ಣ ಬಿಳಿ ಮಾತ್ರೆ ಬರೆದರು. ದಿನಕ್ಕೊಂದು, ಮಧ್ಯಾಹ್ನ ಎರಡಕ್ಕೆ.

"ಕೊಡೋ ಮುಂಚೆ ನಾಡಿ ಎಣಿಸಮ್ಮ. ಅರವತ್ತಕ್ಕಿಂತ ಕಮ್ಮಿ ಇದ್ರೆ ಕೊಡಬೇಡ, ಅಪಾಯ. ಜಾಸ್ತಿ ಇದ್ರೆ ತಪ್ಪಿಸಬೇಡ, ಅದೂ ಅಪಾಯ" ಎಂದು ಹೇಳಿಹೋದರು.

ಎರಡು ಗಂಟೆಗೆ ಗಂಗಾಂಬಿಕೆ ಸ್ಟೂಲಿನ ಮೇಲೆ ಕೂತು ಮುದುಕಿಯ ಕೈ ಹಿಡಿದಳು. ಊದಿದ ಮಣಿಕಟ್ಟಿನಲ್ಲಿ ಮೂರು ಬೆರಳಿಗೆ ನಾಡಿ ಸಿಗಲೊಲ್ಲದು. ತೂಕಡಿಕೆಯಲ್ಲಿ ಕೈ ಹೊರಳಿ ಹೆಬ್ಬೆರಳು ತಾನಾಗಿ ಅಲ್ಲಿ ಕೂತಿತು. ಆಗ ಸಿಕ್ಕಿತು, ಸ್ಪಷ್ಟವಾಗಿ, ಒಂದೇ ಸಮನೆ. ಐವತ್ತೆರಡು. ಮಾತ್ರೆಯನ್ನು ಡಬ್ಬಿಗೆ ಹಾಕಿ, ಚಾರ್ಟಿನಲ್ಲಿ ಬರೆದಳು. ಸಂಜೆಯ ಸಿಸ್ಟರು ಅದನ್ನೇ ನಕಲು ಮಾಡಿದಳು. ಯಾರಿಗೆ ಬೇಕು ಊದಿದ ಕೈಯ ತಂಟೆ?

ಮಂಗಳವಾರ ಕೈ ಹಿಡಿದಾಗ ಮೂಗಮ್ಮ ಕಣ್ಣು ಬಿಟ್ಟಳು.

"ಉಣ್ಸೆ ಮರದ್ ತಾವು ಎಡಗಾಲು ಉಳುಕ್ತಲ್ಲವ್ವ. ನೋಯ್ತದಾ?"

ಗಂಗಾಂಬಿಕೆ ಬೆಚ್ಚಿದಳು. ಬೆಳಿಗ್ಗೆ ಕಾಲು ಉಳುಕಿದ್ದು ನಿಜ, ಯಾರಿಗೂ ಹೇಳಿರಲಿಲ್ಲ. "ನಿಮಗ್ಯಾರು ಹೇಳಿದ್ರು ಅಜ್ಜಿ?"

"ಮೂವತ್ತೊರ್ಸ ಸೊಪ್ಪಿನ ಮಂಕ್ರಿ ಒತ್ಕಂಡು ನಡ್ದ ದಾರಿ ಕಣಮ್ಮಿ. ಆ ಮರದ್ ಬೇರು ಎಲ್ರ ಕಾಲೂ ಇಡೀತದೆ."

ಕುಂಟುವುದನ್ನು ನೋಡಿ ಹೇಳಿರಬೇಕು ಎಂದು ಗಂಗಾಂಬಿಕೆ ಸಮಾಧಾನ ಮಾಡಿಕೊಂಡಳು. ನಾಡಿ ಐವತ್ತಮೂರು. ಮಾತ್ರೆ ಕೊಡಲಿಲ್ಲ.

ಬುಧವಾರ ಮುದುಕಿಯೇ ಅವಳ ಕೈ ಹಿಡಿದುಕೊಂಡಳು. "ನೀನು ಓಡ್ತಿದ್ರೆ ನಂಗೆ ಏದುಸ್ರು ಬತ್ತದೆ. ವಸಿ ನಿಧಾನ್ಕೆ ಓಗು ತಾಯಿ. ನನ್ ಕೈಲಾಗದು." ಬೇಡಿಕೊಳ್ಳುವ ದನಿಯಲ್ಲ ಅದು, ಜೊತೆಯಲ್ಲಿ ನಡೆಯುವವರು ಹೇಳುವ ದನಿ. ಆಯಾ ಪುಟ್ಟಸಿದ್ದಮ್ಮ ಹೊರಗೆ ಕರೆದು ಪಿಸುಗುಟ್ಟಿದಳು. "ಒಂದ್ ಮಾತು ಏಳ್ತೀನಿ ಬೇಜಾರ್ ಮಾಡ್ಕಬೇಡಿ ಸಿಸ್ಟ್ರೇ. ಎರಡ್ ದಿನದಿಂದ ಬೆಳಿಗ್ಗೆ ಆರೂವರೆಗೆ ಮುದ್ಕಿ ಏದುಸ್ರು ಬುಡಕ್ಕೆ ಸುರು ಮಾಡ್ತದೆ. ನೀವು ಗೇಟ್ ಒಳಕ್ಕೆ ಕಾಲಿಟ್ರೆ ನಿಲ್ತದೆ."

"ಹೃದಯದ ಕಾಯಿಲೆಯವರಿಗೆ ಬೆಳಗಿನ ಹೊತ್ತು ಹಾಗೇ" ಎಂದಳು ಗಂಗಾಂಬಿಕೆ. ಹೇಳಿದ್ದು ಸರಿಯೇ. ಆದರೂ ಹೆದರಿದಳು. ಗುರುವಾರ ಬೇಕೆಂದೇ ನಿಧಾನವಾಗಿ ಓಡಿದಳು, ತನ್ನ ಮೇಲೆ ತನಗೇ ನಗು ಬಂತು. ಬುಧವಾರದ ಹಾಗೆ ಅವತ್ತೂ ಐವತ್ತೆರಡು. ಅವತ್ತೂ ಮಾತ್ರೆ ಡಬ್ಬಿಯಲ್ಲೇ ಉಳಿಯಿತು.

ಶುಕ್ರವಾರ ಅವಳಿಗೆ ರಜೆ. ನಸುಕಿಗೇ ಗುಂಡ್ಲುಪೇಟೆಯಿಂದ ಹೊರಟಳು. ಇಪ್ಪತ್ತೈದು ಕಿಲೋಮೀಟರು ಓಡಿ, ಬಸ್ಸಿನಲ್ಲಿ ಹಿಂದಿರುಗುವ ಲೆಕ್ಕ. ಎಂಟರ ಸುಮಾರಿಗೆ 'ಚಾಮರಾಜನಗರ ೧೧' ಎಂದು ಬರೆದ ಮೈಲಿಗಲ್ಲಿನ ಪಕ್ಕ ನೆಲಕ್ಕೆ ಕುಸಿದು ಕೂತು, ಕಲ್ಲಿನ ತಲೆಯ ಮೇಲೆ ಕೈಯೂರಿದಳು.

ಕಲ್ಲು ಬಡಿಯುತ್ತಿತ್ತು.

ಮೊದಲು ಲಾರಿ ಬರುತ್ತಿದೆಯೆಂದುಕೊಂಡಳು. ರಸ್ತೆ ಎರಡೂ ಕಡೆ ಖಾಲಿ. ಮಂಜಿಗೆ ತಣ್ಣಗಾದ ಕಲ್ಲಿನೊಳಗೆ ಏನೋ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು, ಜೀವ ಇರುವಂತೆ. ಮೈ ಜುಮ್ಮೆಂದಿತು. ಬಗ್ಗಿ ನೋಡಿದಳು. ಕಲ್ಲಿಗೆ ಒತ್ತಿದ್ದು ಅವಳ ಹೆಬ್ಬೆರಳು.

ಮೇಡಂ ಸ್ಕೇಲಿನ ಏಟು ಕೊಟ್ಟು ಹೇಳುತ್ತಿದ್ದ ಮಾತಿನ ಉಳಿದರ್ಧ ಆಗ ನೆನಪಾಯಿತು. ಹೆಬ್ಬೆರಳಿಗೆ ತನ್ನದೇ ನಾಡಿ ಇರುತ್ತದೆ ಕಣ್ರೇ, ಅದರಲ್ಲಿ ಹಿಡಿದರೆ ನಿಮ್ಮ ನಾಡಿಯೇ ನಿಮಗೆ ಸಿಗುತ್ತದೆ, ಕಲ್ಲು ಹಿಡಿದರೂ ಬಡಿಯುತ್ತದೆ. ಐವತ್ತೆರಡು. ಮೂಗಮ್ಮನ ಕೈ ಹಿಡಿದು ನಾಲ್ಕು ದಿನ ಅವಳು ಎಣಿಸಿದ್ದು ಕೂತಲ್ಲಿ ಬಡಿಯುವ ತನ್ನದೇ ಹೃದಯವನ್ನು. ಮುದುಕಿಯ ಹೃದಯ ನಾಲ್ಕು ದಿನದಿಂದ ಮಾತ್ರೆಯಿಲ್ಲದೆ ದಿಕ್ಕೆಟ್ಟು ಓಡುತ್ತಿತ್ತು. ಈ ಗಳಿಗೆಗೋ ಮರುಗಳಿಗೆಗೋ ಸೋತು ನಿಂತುಬಿಡಬಹುದು.

ಹತ್ತಿರ ಊರಿಲ್ಲ, ಫೋನಿಲ್ಲ. ಮುಂದಿನ ಬಸ್ಸು ಒಂಬತ್ತೂವರೆಗೆ, ಊಟಕ್ಕಿಲ್ಲದ ಉಪ್ಪಿನಕಾಯಿ. ಎದ್ದು ಓಡಿದಳು.

ಎರಡು ಕಿಲೋಮೀಟರು ಕಳೆದಿರಬೇಕು, ಬೆನ್ನ ಹಿಂದೆ ಏದುಸಿರು ಕೇಳಿಸಿತು. ತನ್ನದೇ ಇರಬೇಕೆಂದು ಉಸಿರು ಬಿಗಿಹಿಡಿದಳು. ಅದು ನಿಲ್ಲಲಿಲ್ಲ. ಗೊರಗೊರ ಎನ್ನುವ, ನೀರು ತುಂಬಿದ ಎದೆಯ ಉಸಿರು. ನರ್ಸಾದವಳಿಗೆ ಅದರ ಗುರುತು ಹತ್ತದೇ? ತಿರುಗಿ ನೋಡಿದಳು. ಮಂಜು, ರಸ್ತೆ, ಹುರುಳಿ ಹೊಲ. ಓಡಿದರೆ ಅದೂ ಓಡಿ ಬರುತ್ತಿತ್ತು.

ಹುಣಸೆ ಮರದ ಹತ್ತಿರ ಕಿವಿಯ ಪಕ್ಕದಲ್ಲೇ ಕೇಳಿಸಿತು. "ನಿಧಾನ್ಕೆ ಓಗವ್ವ. ನನ್ ಕೈಲಾಗದು."

ಅತ್ತ ದರಿ, ಇತ್ತ ಪುಲಿ. ಓಡಿದರೆ ಮುದುಕಿಯ ಉಸಿರು ಕಟ್ಟುತ್ತದೆ. ಓಡದಿದ್ದರೆ ಔಷಧಿ ತಡವಾಗುತ್ತದೆ. ನಾಲ್ಕು ವರ್ಷ ಓದಿದ್ದು ಒಂದು ಹೇಳಿತು, ನಡುಗುವ ತೊಡೆಗಳು ಇನ್ನೊಂದು ಹೇಳಿದವು. ಗಂಗಾಂಬಿಕೆ ನಡೆದಳು. ನೂರು ಹೆಜ್ಜೆ. ಒಂದೊಂದನ್ನೂ ಎಣಿಸಿದಳು. ಹಿಂದಿನ ಉಸಿರು ತಗ್ಗಿತು, ಹಗುರಾಯಿತು, ಮಗು ಮಲಗಿದ ಹಾಗೆ ಆಯಿತು. ಆಮೇಲೆ ಅವಳಿಗೆ ತನ್ನ ಮೂಢತನಕ್ಕೆ ರೇಗಿಹೋಯಿತು. ಗಾಳಿಯ ಸದ್ದಿಗೆ ಹೆದರಿ ಒಂದು ಜೀವ ಕಳೆಯುತ್ತೀಯಾ ಎಂದು ತನ್ನನ್ನೇ ಬೈದುಕೊಂಡು, ಕಣ್ಣೀರು ಒರೆಸಿಕೊಂಡು, ಜನ್ಮದಲ್ಲಿ ಓಡದಷ್ಟು ಜೋರಾಗಿ ಓಡಿದಳು. ಹಿಂದೆ ಆ ಉಸಿರು ಕಿತ್ತುಕೊಂಡು ಬರುತ್ತಿತ್ತು. ಊರ ಮೊದಲ ಮನೆಗಳು ಕಾಣುವ ಹೊತ್ತಿಗೆ ಅದು ಕೇಳಿಸಲಿಲ್ಲ.

ಗೇಟಿನಲ್ಲಿ ಪುಟ್ಟಸಿದ್ದಮ್ಮ ನಿಂತಿದ್ದಳು. ಗಂಗಾಂಬಿಕೆ ಅವಳನ್ನು ದಾಟಿ ಒಳಗೆ ನುಗ್ಗಿದಳು. ಕಿಟಕಿ ಪಕ್ಕದ ಹಾಸಿಗೆಯ ಬಳಿ ಡಾಕ್ಟರು ಸಿರಿಂಜನ್ನು ಟ್ರೇಗೆ ಹಾಕುತ್ತಿದ್ದರು.

"ಸಾರ್, ಆ ನಾಲ್ಕು ದಿನದ ನಾಡಿ ನಂದು. ಅಜ್ಜಿದಲ್ಲ. ಹೆಬ್ಬೆರಳಲ್ಲಿ ಹಿಡಿದುಬಿಟ್ಟಿದ್ದೆ."

ಡಾಕ್ಟರು ಅವಳ ಧೂಳು ಮೆತ್ತಿದ ಕಾಲು ನೋಡಿದರು, ಮುಖ ನೋಡಿದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಾನು ಬರೋ ಹೊತ್ತಿಗೇ ಕೈ ಮೀರಿತ್ತಮ್ಮ. ನಾಡಿ ನೋಡಿ, ಟೈಮ್ ಬರಿ" ಎಂದು ಕೈ ತೊಳೆಯಲು ಹೋದರು.

ಪುಟ್ಟಸಿದ್ದಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ನಸುಕ್ನಿಂದ್ಲೂ ಏದುಸ್ರು ಬುಡ್ತಿದ್ಲು, ಎಂಟು ಗಂಟೆ ಆದ್ಮೇಲೆ ಜೋರಾಯ್ತು ಸಿಸ್ಟ್ರೇ, ನೋಡಕ್ಕಾಗ್ತಿರ್ಲಿಲ್ಲ. ನಡುವ್ನಲ್ಲಿ ವಸಿ ಒತ್ತು ಎಂಗ್ ಸುಧಾರಿಸ್ಕಂಡ್ಲು ಅಂತೀರಿ. ಕಣ್ ಬುಟ್ಟು ನಕ್ಕಳು. ಉಳ್ಕಂಡ್ಲು ಅಂದ್ಕಂಡೆ. ಅದೇನಾಯ್ತೋ, ಮತ್ತೆ ಇಡೀತು ನೋಡಿ, ಬುಡ್ನೇ ಇಲ್ಲ."

"ಎಷ್ಟು ಹೊತ್ತು ಸುಧಾರಿಸಿಕೊಂಡಿದ್ದು?" ಗಂಗಾಂಬಿಕೆ ಕೇಳಿದಳು.

"ಒಂದ್ ನೂರು ಎಣ್ಸೋ ಗಂಟ."

ಗಂಗಾಂಬಿಕೆ ಸ್ಟೂಲಿನ ಮೇಲೆ ಕೂತಳು. ಮೂರು ಬೆರಳನ್ನು ಜೋಡಿಸಿ ಮೂಗಮ್ಮನ ಮಣಿಕಟ್ಟಿನ ಮೇಲಿಟ್ಟಳು. ಒಂದು ನಿಮಿಷ ಕಾದಳು. ಏನೂ ಇರಲಿಲ್ಲ. ಅವಳ ಎದೆ ಮಾತ್ರ ಹನ್ನೊಂದು ಕಿಲೋಮೀಟರಿನ ಓಟಕ್ಕೆ ದಬದಬ ಎನ್ನುತ್ತಿತ್ತು, ಕಿವಿಯಲ್ಲಿ ರಕ್ತ ಮೊರೆಯುತ್ತಿತ್ತು. ಮನಸ್ಸು ಒಪ್ಪಲಿಲ್ಲ. ತಪ್ಪೆಂದು ಗೊತ್ತಿದ್ದೂ ಹೆಬ್ಬೆರಳಿಟ್ಟಳು.

ಅಲ್ಲಿ ನಾಡಿ ಇತ್ತು. ತನ್ನ ಎದೆಯ ದಬದಬದ ಜೊತೆ ಅದು ಸೇರಲಿಲ್ಲ. ನಿಧಾನವಾಗಿ, ಶಾಂತವಾಗಿ, ಮಂಕರಿ ಹೊತ್ತವರು ಹೆಜ್ಜೆಯಿಡುವ ಹಾಗೆ ಬಡಿಯುತ್ತಿತ್ತು. ಗೋಡೆಯ ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಎಣಿಸಿದಳು. ಐವತ್ತೆರಡು.

ಕೈ ಬಿಟ್ಟಳು. ಚಾರ್ಟು ತೆಗೆದು ನಾಲ್ಕು ದಿನದ ನಾಲ್ಕು ಅಂಕಿಗಳ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ತಪ್ಪು ನನ್ನದು' ಎಂದು ಬರೆದು ರುಜು ಹಾಕಿದಳು. ಅದರ ಕೆಳಗೆ ಬರೆದಳು: ಬೆಳಿಗ್ಗೆ ಒಂಬತ್ತು ಇಪ್ಪತ್ತು, ನಾಡಿ ಇಲ್ಲ. ಪೆನ್ನು ಒತ್ತಿ ಹಿಡಿದಿದ್ದ ಹೆಬ್ಬೆರಳಿನಲ್ಲಿ ಅದು ಇನ್ನೂ ಬಡಿಯುತ್ತಿತ್ತು, ನಿಧಾನವಾಗಿ.