ಉಡಿ ಅಕ್ಕಿ

ವೀರಪ್ಪನ ಎರಡನೆಯ ಏಟಿಗೆ ಚನ್ನವ್ವ ಪಡಸಾಲೆಯ ಕಂಬಕ್ಕೆ ಬಡಿದು ಕುಸಿದಳು. ತುಟಿ ಒಡೆದು ರಕ್ತ ಗದ್ದಕ್ಕಿಳಿಯಿತು. ಹೆಂಡತಿಯ ತವರಿನಲ್ಲಿ, ಅವಳ ಹೆತ್ತ ತಾಯಿಯ ಎದುರಿಗೇ ಹೊಡೆಯುವ ಗಂಡಸು ಇವನು. ಹುಕ್ಕೇರಿ ಪೇಟೆಯಲ್ಲಿ ಬೆಲ್ಲ ಮಾರುವಾಗ ಮಾತ್ರ ಇವನ ಬಾಯಲ್ಲಿ ಬಿರುಸು ಮಾತೇ ಬರುವುದಿಲ್ಲವಂತೆ.

“ಹೇಳದ ಕೇಳದ ತುಕ್ಕಾನಟ್ಟಿಗೆ ಓಡಿ ಬರ್ತೀ? ಏಳು, ಗಾಡಿ ಹತ್ತು.”

ಒಳಗೆ ಓದುತ್ತಿದ್ದ ತಮ್ಮ ಅಪ್ಪಣ್ಣ ಪುಸ್ತಕ ಹಿಡಿದೇ ಓಡಿಬಂದ. ಸಾಂಗಲಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಯುವ ಸಣಕಲ.

“ಮಾವಾರ, ಅಕ್ಕನ್ನ ಬಿಡ್ರಿ.”

ವೀರಪ್ಪ ಅವನ ಕುತ್ತಿಗೆ ಹಿಡಿದು ತಲೆಯನ್ನು ಗೋಡೆಗೆ ಅಪ್ಪಳಿಸಿದ. ಪುಸ್ತಕ ಜಾರಿ ಬಿತ್ತು. ಅಷ್ಟಾದರೂ ಚನ್ನವ್ವ ತಲೆ ಎತ್ತಲಿಲ್ಲ. ಅಪ್ಪಣ್ಣನಿಗೆ ಮಾವನಿಗಿಂತ ಅಕ್ಕನ ಮೇಲೆಯೇ ಸಿಟ್ಟು ಬಂತು. ತಿಂದ ಏಟೆಲ್ಲ ಸೇರಿ ಒಂದು ದಿನ ಇವಳು ತಿರುಗಿ ಬೀಳುತ್ತಾಳೆಂದು ಅವನು ಅಕ್ಕನ ಮದುವೆಯಾದಾಗಿನಿಂದ ಕಾಯುತ್ತಿದ್ದ.

ಅದೇ ದಿನ ಬೆಳಿಗ್ಗೆ ಅಕ್ಕಿ ಹಸನು ಮಾಡುತ್ತಿದ್ದ ಅಕ್ಕನಿಗೆ ಅವನು ಪರೀಕ್ಷೆಯ ಪಾಠ ಒಪ್ಪಿಸಿದ್ದ. ಕ್ವಾಂಟಮ್ ಎಂಬ ಹೊಸ ಪಾಠ. ಯಾರಿಗಾದರೂ ಹೇಳಿದರೆ ತನಗೆ ತಿಳಿದೀತೆಂಬ ಆಸೆ.

“ಇಂಥಾ ಲೋಹದ ಮ್ಯಾಲ ಕೆಂಪು ಬೆಳಕು ಎಷ್ಟರ ಸುರಿ, ಒಳಗಿನ ಎಲೆಕ್ಟ್ರಾನ್ ಹೊರಗ ಬರೂದಿಲ್ಲ. ನೇರಳೆ ಬೆಳಕು ಒಂಚೂರು ಬಿದ್ರ ಸಾಕು, ಜಿಗದು ಬರ್ತೈತಿ.”

“ಕೆಂಪೆಲ್ಲಾ ಕೂಡಿ ದಬ್ಬೂದಿಲ್ಲೇನು?”

“ಕೂಡೂದಿಲ್ಲಕ್ಕಾ. ಬೆಳಕು ಕಾಳಿನಂಗ ಬಿಡಿಬಿಡಿಯಾಗಿ ಬರ್ತೈತಿ. ಬಡಿಯೂ ಒಂದು ಕಾಳಿನಾಗ ಅಷ್ಟು ಕಸುವು ಇರಬೇಕು.”

“ಮತ್ತ, ಬಡದ ಕೆಂಪು ಎಲ್ಲಿ ಹೋಗ್ತೈತಿ?”

“ಲೋಹ ಒಂದೀಟು ಬಿಸಿ ಆಗ್ತೈತಿ, ಅಷ್ಟ.”

ಚನ್ನವ್ವ ಹಿಂದಿನ ಏಟಿಗೆ ಬಾತಿದ್ದ ಕೆನ್ನೆ ಮುಟ್ಟಿಕೊಂಡು ನಕ್ಕಿದ್ದಳು. “ಅದು ನನಗ ಗೊತ್ತೈತಿ ಬಿಡು.”

ಈಗ ತಾಯಿ ಕಾಶೆವ್ವ ಅದೇ ಅಕ್ಕಿಯ ಮೊರ ಹಿಡಿದು ಬಂದಳು. “ಸುಮ್ನಿರೋ ಅಪ್ಪಣ್ಣ. ಅಳಿಯಾರ, ಮಗಳನ್ನ ಬರಿಗೈಲೆ ಕಳಸಬಾರದು. ಉಡಿ ತುಂಬತೇನಿ, ಆಮ್ಯಾಲ ಕರಕೊಂಡು ಹೋಗ್ರಿ.” ತವರಿನವರು ಸೆರಗಿಗೆ ತುಂಬಿದ ಅಕ್ಕಿಯನ್ನು ಮಗಳು ಗಂಡನ ಮನೆಯಲ್ಲೇ ಬೇಯಿಸಬೇಕು. ರಕ್ತ ಒರೆಸುವ ಮೊದಲು ಅಕ್ಕಿ ತುಂಬಿದ ಆ ತಾಯಿಯನ್ನು ಕಂಡು ಹೊಟ್ಟೆ ಉರಿಯುತ್ತದೆ.

ಕಾಶೆವ್ವ ಅಕ್ಕಿಯ ಮೇಲೆ ತೆಂಗಿನಕಾಯಿ ಇಟ್ಟಳು.

“ಸಾಕು, ನಡಿ,” ಎಂದು ವೀರಪ್ಪ ಹೆಂಡತಿಯ ಕುತ್ತಿಗೆಗೆ ಕೈ ಹಾಕಿ ಎಳೆದು ಎಬ್ಬಿಸಿದ. ಕೈಗೆ ಸಿಕ್ಕಿದ್ದು ಶಿವದಾರ. ಹಳೆಯ ನೂಲು ಕಿತ್ತುಬಂತು. ಲಿಂಗದ ಬೆಳ್ಳಿ ಕರಡಿಗೆ ನೆಲಕ್ಕೆ ಬಿದ್ದು, ಉರುಳಿ, ಅವನ ಚಪ್ಪಲಿಗೆ ತಾಗಿ ನಿಂತಿತು.

ಅದು ಏಟೇ ಅಲ್ಲ, ಮೈಗೆ ನೋವೂ ಆಗಿರಲಿಕ್ಕಿಲ್ಲ. ಆದರೆ ಹುಟ್ಟಿದಾಗ ಕಟ್ಟಿದ ಲಿಂಗ ಎಂದೂ ಅವಳ ಮೈ ಬಿಟ್ಟಿರಲಿಲ್ಲ.

ಚನ್ನವ್ವ ಉಡಿಯೊಳಗಿನ ಕಾಯಿ ತೆಗೆದು ಗಂಡನ ಮುಖಕ್ಕೆ ಬಡಿದಳು. ಮೂಗು ಲಟಕ್ಕೆಂದಿತು. ಅವನು ಬಾಗಿದಾಗ ಕಿವಿಯ ಮೇಲೆ ಇನ್ನೊಮ್ಮೆ ಬಡಿದಳು. ಅಕ್ಕಿ ಪಡಸಾಲೆಯ ತುಂಬ ಚೆಲ್ಲಿತು, ಅದರ ಮೇಲೆ ಅವನು ಬಿದ್ದ.

“ನಾ ಬರೂದಿಲ್ಲ,” ಎಂದಳು. ಧ್ವನಿ ಏರಿರಲಿಲ್ಲ. “ಬರೇ ಗಾಡಿ ಹೊಡಕೊಂಡು ಹೋಗ್ರಿ.”

ವೀರಪ್ಪ ಮೂಗು ಹಿಡಿದುಕೊಂಡು ಎದ್ದ. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. “ನೋಡ್ರಿ ಅತ್ತಿ, ನಿಮ್ಮ ಮಗಳು ಮಾಡಿದ್ದು.”

ಕಾಶೆವ್ವ ಬಾಗಿಲಿನ ದಾರಿ ಬಿಟ್ಟು ಪಕ್ಕಕ್ಕೆ ಸರಿದಳು.

ಗಾಡಿಯ ಸದ್ದು ದೂರಾಯಿತು. ಚನ್ನವ್ವ ಕರಡಿಗೆಯನ್ನು ತೊಳೆದು ಕಣ್ಣಿಗೊತ್ತಿಕೊಂಡಳು. ಕಿತ್ತ ದಾರಕ್ಕೆ ಅಪ್ಪಣ್ಣ ಗಂಟು ಹಾಕಿಕೊಟ್ಟ. ಅವನ ಪುಸ್ತಕ ಗೋಡೆಯ ಬುಡದಲ್ಲೇ ಬಿದ್ದಿತ್ತು.

ಕಾಶೆವ್ವ ನೆಲದ ಅಕ್ಕಿಯನ್ನು ಮೊರಕ್ಕೆ ಬಳಿದಳು. ರಕ್ತ ತಾಗಿದ ಕಾಳುಗಳನ್ನು ಆರಿಸಿ ತೆಗೆದಳು. ಉಳಿದದ್ದನ್ನು ತೊಳೆದು, ಒಳಗೆ ಹೋಗಿ, ತನ್ನ ಒಲೆಯ ಮೇಲೆ ಕುದಿಯುತ್ತಿದ್ದ ಎಸರಿಗೆ ಸುರಿದಳು.