ಕಪ್ಪು ಗೆರೆಯ ವೀಣೆ

ನಾನು ಒಂದು ವೀಣೆ. ಹಾಗಂತ ಎಲ್ಲರೂ ಹೇಳುತ್ತಾರೆ, ನನಗೇ ಪೂರ್ತಿ ನಂಬಿಕೆಯಿಲ್ಲ. ದುಂಡನೆಯ ಕೊಡ ಒಂದು ತುಂಡು, ಉದ್ದನೆಯ ದಂಡಿ ಇನ್ನೊಂದು ತುಂಡು. ಅಂಟು ಹಾಕಿ ಕೂಡಿಸಿದ ಮೇಲೆ 'ನಾನು' ಅನ್ನೋದು ಎರಡರಲ್ಲಿ ಎಲ್ಲಿ ಕೂತಿದೆಯೋ, ದೇವರೇ ಬಲ್ಲ! ಎರಡೂ ಒಂದೇ ಹಲಸಿನ ಮರದ್ದು ಅನ್ನೋದಷ್ಟೇ ಸಮಾಧಾನ.

ನನ್ನನ್ನು ಮಾಡಿದವರು ಮೈಸೂರಿನ ಚೌಡಾಚಾರ್ರು. ಮರ ಕೊಟ್ಟವರು ಅವರ ಗೆಳೆಯ, ಮರದ ಡಿಪೋ ಇಟ್ಟಿದ್ದ ಗಫಾರ್ ಸಾಬರು. ಮೀಸೆ ಚಿಗುರುವ ಕಾಲದ ಸ್ನೇಹ ಅವರದು. ಸಾಬರು ದಿಮ್ಮಿಯನ್ನು ಕುಟ್ಟಿ, ಕಿವಿಗೊಟ್ಟು, "ಇದು ನಿಮಗೇ ಆಚಾರ್ರೇ" ಅಂದರೆ ಮುಗೀತು. ಆಚಾರ್ರು ಎರಡನೇ ಮಾತಾಡುತ್ತಿರಲಿಲ್ಲ.

ಕೊಡಕ್ಕೂ ದಂಡಿಗೂ ಅಂಟು ಹಚ್ಚಿ, ಹಗ್ಗ ಬಿಗಿದು, ಬೆಣೆ ಹೊಡೆದು ಒಣಗಲು ಬಿಟ್ಟರು. ಹಗ್ಗ ಬಿಚ್ಚಿದಾಗ ಆಚಾರ್ರ ಮುಖ ನೋಡಬೇಕಿತ್ತು! ಅರಿಶಿನದ ಬಣ್ಣದ ನನ್ನ ಮೈಗೆ ಕೂಡಿಸಿದ ಕಡೆಯೆಲ್ಲ ಕಾಡಿಗೆ ಬಳಿದ ಹಾಗೆ ಕಪ್ಪು. ಕೆರೆದರು, ಉಜ್ಜಿದರು, ಊಹೂಂ. ನಾನೇನು ಮಾಡಿದೆನಪ್ಪಾ ಅಂತ ನನಗೆ ಗಾಬರಿ.

ಥಂಡಿ ಇರಬಹುದು ಅಂತ ಎರಡು ಚೂರು ಅಂಟಿಸಿ ಬಿಸಿಲಲ್ಲಿಟ್ಟರು. ಕಪ್ಪು. ಹೊಸ ಅಂಟು ತಂದು ಕುದಿಸಿ ಹಚ್ಚಿದರು. ಅದೂ ಕಪ್ಪು. ಹೆಂಡತಿ ಕಾಳಮ್ಮ ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ಏನೂ ಆಗಲಿಲ್ಲ. ಕೊನೆಗೆ ಆಚಾರ್ರು ಸಾಬರನ್ನು ಕರೆಸಿ, "ಕೆಟ್ಟ ಮರ ಕೊಟ್ಟುಬಿಟ್ರಲ್ಲ ಸಾಬ್ರೇ, ನೀವೂ ಹೀಗೆ ಮಾಡೋದಾ?" ಅಂದುಬಿಟ್ಟರು.

ಸಾಬರು ನನ್ನನ್ನು ಸವರಿ ನೋಡಿದರು. "ನೀವು ಕೆಟ್ಟಿದೆ ಅಂದ ಮೇಲೆ ಕೆಟ್ಟಿದೆ ಆಚಾರ್ರೇ" ಅಂದವರೇ ಚಪ್ಪಲಿ ಮೆಟ್ಟಿ ಹೊರಟರು. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆಚಾರ್ರಿಗೆ ಊಟ ಸೇರುತ್ತಿರಲಿಲ್ಲ. ಬೈದವರೂ ಅವರೇ, ಸೊರಗಿದವರೂ ಅವರೇ. ಇದೆಂಥ ಸಿಟ್ಟೋ ನನಗೆ ತಿಳಿಯದು.

ಒಂದು ದಿನ ಕಾಳಮ್ಮ ತಮ್ಮ ಕಬ್ಬಿಣದ ಬಾಣಲೆ ಹುಡುಕುತ್ತಾ ಅಂಗಡಿಗೆ ಬಂದರು. ನೋಡಿದರೆ ಅದರ ತುಂಬ ಅಂಟು ಕಚ್ಚಿಕೊಂಡಿದೆ.

"ಅಯ್ಯೋ, ಇದರಲ್ಲಿ ಅಂಟು ಕುದಿಸಿದ್ರಾ?"

"ತಾಮ್ರದ ಪಾತ್ರೆ ತೂತಾಗಿತ್ತು ಕಣೇ. ಈಗೇನಾಯ್ತು?"

"ಏನಾಯ್ತಾ? ಒಗರು ನೆಲ್ಲಿಕಾಯಿ ಹಾಕಿದ್ರೆ ಈ ಕಬ್ಬಿಣದಲ್ಲಿ ಕರ್ರಗಾಗುತ್ತೆ. ನಿಮ್ಮ ಹಲಸಿಗೂ ಒಗರಿರಲ್ವಾ?"

ಆಚಾರ್ರು ತಕ್ಷಣ ಒಲೆ ಹಚ್ಚಿದರು. ಮಣ್ಣಿನ ಕುಡಿಕೆಯಲ್ಲಿ ಅಂಟು ಕುದಿಸಿ, ಅದೇ ಮರದ ಎರಡು ಚೂರು ಅಂಟಿಸಿದರು. ಒಣಗಿದಾಗ ಚಿನ್ನದಂಥ ಹಳದಿ, ಒಂದು ಕಲೆಯಿಲ್ಲ!

ಮರುಕ್ಷಣವೇ ನನ್ನನ್ನು ಹೆಗಲಿಗೇರಿಸಿಕೊಂಡು ಡಿಪೋಗೆ ಓಡಿದರು. "ತಪ್ಪಾಯ್ತು ಸಾಬ್ರೇ, ಮರದ್ದಲ್ಲ, ನನ್ನ ಬಾಣಲೆ ಕೆಲಸ. ನನ್ನ ಬಾಯಿಗಿಷ್ಟು ಮಣ್ಣು ಹಾಕ" ಅಂದರು.

ಸಾಬರು ನಕ್ಕರು. "ಬಿಡಿ ಆಚಾರ್ರೇ. ಮರ ಚೆನ್ನಾಗಿತ್ತಲ್ಲ, ಅಷ್ಟು ಸಾಕು."

"ಆ ಮರದ ಉಳಿದ ದಿಮ್ಮಿ ಕೊಡಿ, ಅದರಲ್ಲೇ ಇನ್ನೂ ನಾಲ್ಕು ವೀಣೆ ಮಾಡ್ತೀನಿ."

ಸಾಬರ ನಗು ನಿಂತಿತು. "ದಿಮ್ಮಿ ಎಲ್ಲಿದೆ ಆಚಾರ್ರೇ? ಕೆಟ್ಟ ಮರ ಅಂದ್ರಲ್ಲ ನೀವು. ಗೊತ್ತಿದ್ದೂ ಇನ್ನೊಬ್ಬರ ತಲೆಗೆ ಕಟ್ಟೋಕಾಗುತ್ತಾ? ಸೌದೆಗೆ ಸೀಳಿಸಿಬಿಟ್ಟೆ."

ಆಚಾರ್ರು ಅಲ್ಲೇ ಮರದ ಪುಡಿಯ ಮೇಲೆ ಕುಸಿದು, ಮಕ್ಕಳ ಹಾಗೆ ಅತ್ತರು. ಅವರನ್ನು ಸಮಾಧಾನ ಮಾಡಿದವರು ಸಾಬರೇ.

ಆಮೇಲೆ ನಾನು ಯಾರ್ಯಾರದೋ ಕೈಯಲ್ಲಿ ನುಡಿದೆ. ಈಗ ಸಂಗೀತ ಶಾಲೆಯೊಂದರ ಮೂಲೆಯಲ್ಲಿ, ತಂತಿಯಿಲ್ಲದೆ ಒರಗಿದ್ದೇನೆ. ಈ ಕಪ್ಪು ಗೆರೆ ಡಿಸೈನಾ ಅಂತ ಮಕ್ಕಳು ಕೇಳುತ್ತವೆ, ಮೇಷ್ಟ್ರು ಹೌದು ಅನ್ನುತ್ತಾರೆ. ಅನ್ನಲಿ ಬಿಡಿ. ನನ್ನ ಒಡಹುಟ್ಟಿದ ಮರವೆಲ್ಲ ಯಾರದೋ ಒಲೆಯಲ್ಲಿ ಬೂದಿಯಾಯಿತು, ಅದೂ ಗೆಳೆಯನ ಮಾತು ಸುಳ್ಳಾಗಲಾರದು ಅಂತ ಒಬ್ಬ ಮನುಷ್ಯ ನಂಬಿದ್ದಕ್ಕೆ. ಆ ಸಾಬರನ್ನು ಬೈಯಲೋ, ಕೈ ಮುಗಿಯಲೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ.